ಅಮ್ಮನನ್ನು ಹೊಗಳುವ ಮುನ್ನ ಅಮ್ಮನನ್ನು ಅರಿಯೋಣ



‘ತಾಯಿಯ ಋಣ ತೀರಿಸಲಾಗದು’ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ತಂದೆತಾಯಿಯರ ಮದುವೆಯ ಸುವರ್ಣ ಮಹೋತ್ಸವದಲ್ಲಿ, ತಾಯಿಯ ಮೂವತ್ತನೆಯ ದಿನದ ಪೂಜೆಯ ಕೊನೆಯಲ್ಲಿ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬದಲ್ಲಿ, ಮೇ ತಿಂಗಳ ಎರಡನೆಯ ಭಾನುವಾರ ಬರುವ ತಾಯಂದಿರ ದಿನದಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಹೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ತಾವೂ ಮದುವೆಯಾಗಿ, ತಾವೂ ಹೆತ್ತು, ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ಕುಳಿತ ಮೇಲೆ ಅವರಿಗೆ ತಮ್ಮ ತಾಯಿಯ ನೆನಪು ಹೊಸದಾಗಿ ಬರುತ್ತದೆ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬುತ್ತದೆ, ಕೇಳುವವರ ಕಣ್ಣೂ ತುಂಬುತ್ತದೆ. ಆ ಪ್ರೀತಿಯನ್ನು ಯಾರೂ ಶಂಕಿಸಬೇಕಾಗಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೀಗೆ ಹೊಗಳುವಾಗ ಮಗಳು ಯಾರನ್ನು ಕಾಣುತ್ತಾಳೆ? ತನ್ನ ತಾಯಿಯನ್ನೋ, ಅಥವಾ ತಾಯಿಯಿಂದ ತನಗೆ ದೊರೆತದ್ದನ್ನೋ? ತಾಯಿಯನ್ನು ತುಂಬ ಪ್ರೀತಿಸಿಯೂ ಆಕೆಯನ್ನು ಅರಿಯದೇ ಇರುವುದು ಸಾಧ್ಯವೇ? ಇದು ಬರಿಯ ಭಾವನೆಯ ಪ್ರಶ್ನೆಯಲ್ಲ. ದೇವರ ನಾಲ್ಕನೆಯ ಆಜ್ಞೆಯನ್ನು ನಾವು ಹೇಗೆ ಪಾಲಿಸುತ್ತಿದ್ದೇವೆ ಎಂಬ ಪ್ರಶ್ನೆ.

ಋಣವೇ, ಗೌರವವೇ?

ಅಂಗಡಿಯಿಂದ ತಂದ ಸಾಲಕ್ಕೆ ಒಂದು ಮೊತ್ತ ಇರುತ್ತದೆ, ತೀರಿಸಲು ಒಂದು ದಿನ ಇರುತ್ತದೆ. ತೀರಿಸಿದ ಮೇಲೆ ಅಂಗಡಿಯವರಿಗೂ ನಮಗೂ ಕೊಡುಕೊಳ್ಳುವ ಮಾತಿಲ್ಲ. ತಾಯಿ ಮಗಳ ಸಂಬಂಧ ಅಂತಹುದಲ್ಲ. ನನ್ನ ಜೀವವನ್ನೇ ನನಗೆ ಕೊಟ್ಟವರಿಗೆ ನಾನು ಸರಿಸಮನಾಗಿ ಏನನ್ನು ಹಿಂದಿರುಗಿಸಬಲ್ಲೆ? ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಈ ಮಾತನ್ನು ಆಗಲೇ ಹೇಳಿದ್ದಾನೆ. ದೇವತೆಗಳಿಗೂ ಹೆತ್ತವರಿಗೂ ಯಾರೂ ಸರಿಯಾದ ಪ್ರತಿಫಲ ಕೊಡಲಾರರು; ತನ್ನ ಶಕ್ತಿ ಇರುವಷ್ಟು ಸೇವೆ ಮಾಡಿದವನನ್ನೇ ಒಳ್ಳೆಯವನೆಂದು ಎಣಿಸಬೇಕು ಎಂಬುದು ಆತನ ಅಭಿಪ್ರಾಯ.

13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಇನ್ನಷ್ಟು ಬಿಡಿಸಿದರು. ನ್ಯಾಯವೆಂದರೆ ಸಲ್ಲಬೇಕಾದದ್ದನ್ನು ಸರಿಸಮನಾಗಿ ಸಲ್ಲಿಸುವುದು. ಸಲ್ಲಬೇಕಾದದ್ದು ಖಂಡಿತ ಇದೆ, ಆದರೆ ಸರಿಸಮನಾಗಿ ಸಲ್ಲಿಸಲು ಸಾಧ್ಯವೇ ಇಲ್ಲ ಎಂಬ ಕಡೆ ನ್ಯಾಯದ ಪಕ್ಕದಲ್ಲೇ ಇನ್ನೊಂದು ಸದ್ಗುಣ ನಿಲ್ಲುತ್ತದೆ. ಹೆತ್ತವರ ವಿಷಯದಲ್ಲಿ ಆ ಸದ್ಗುಣಕ್ಕೆ ಅವರು ಲತೀನಿನಲ್ಲಿ ‘ಪಿಯೆತಾಸ್’ ಎಂಬ ಹೆಸರನ್ನು ಬಳಸಿದರು. ನಮ್ಮ ಕನ್ನಡದಲ್ಲಿ ಅದಕ್ಕೆ ಮಾತೃಭಕ್ತಿ, ಪಿತೃಭಕ್ತಿ ಎಂಬ ಸೊಗಸಾದ ಮಾತುಗಳಿವೆ. ಸಾಲ ತೀರಿಸಿದರೆ ಮುಗಿಯುತ್ತದೆ, ಭಕ್ತಿಗೆ ಮುಗಿಯುವುದೆಂಬುದಿಲ್ಲ.

ಈ ಭೇದವನ್ನು ತಿಳಿಯದಿದ್ದರೆ ಎರಡು ತಪ್ಪು ದಾರಿಗಳು ತೆರೆದುಕೊಳ್ಳುತ್ತವೆ. ಒಬ್ಬ ಮಗಳು ‘ಎಷ್ಟು ಮಾಡಿದರೂ ಸಾಲದು’ ಎಂದು ಹಗಲಿರುಳು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಇನ್ನೊಬ್ಬಳು ‘ಹೇಗೂ ತೀರಿಸಲಾಗದಲ್ಲ’ ಎಂದು ಒಂದು ಭಾಷಣ ಮಾಡಿ ಕೈತೊಳೆದುಕೊಳ್ಳುತ್ತಾಳೆ. ಇಬ್ಬರೂ ತಾಯಿಯನ್ನು ಸಾಲ ಕೊಟ್ಟವರ ಜಾಗದಲ್ಲೇ ಕೂರಿಸಿದ್ದಾರೆ.

ನಮ್ಮ ದೇಶದಲ್ಲಿ 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ನೋಡಿಕೊಳ್ಳದ ಮಕ್ಕಳಿಂದ, ಗಂಡಾಗಲಿ ಹೆಣ್ಣಾಗಲಿ, ಹೆತ್ತವರು ಜೀವನಾಂಶ ಕೇಳಿ ಪಡೆಯಬಹುದು. ಅಂತಹ ಕಾಯಿದೆ ಬೇಕಾಯಿತಲ್ಲ ಎಂದು ನಾಚಬೇಕಾದವರು ನಾವು. ಆದರೂ ಅದು ಬಂದದ್ದು ಒಳ್ಳೆಯದೇ, ಅನೇಕ ಅಜ್ಜಿಯರಿಗೆ ಅದು ಆಸರೆ. ಆದರೆ ಕಾಯಿದೆ ಅನ್ನವನ್ನು ಕೊಡಿಸಬಲ್ಲದು, ಗೌರವವನ್ನು ಕೊಡಿಸಲಾರದು.

ಗೌರವ ಎಂದರೇನು? ‘ನಿನ್ನ ತಂದೆತಾಯಿಯನ್ನು ಗೌರವಿಸು’ ಎಂಬ ಆಜ್ಞೆಯಲ್ಲಿ ಬರುವ ಹೀಬ್ರೂ ಪದದ ಮೂಲ ಅರ್ಥ ‘ಭಾರ’. ಗೌರವಿಸುವುದೆಂದರೆ ತೂಕ ಕೊಡುವುದು. ಅದಕ್ಕೆ ವಿರುದ್ಧವಾಗಿ, ಹೆತ್ತವರನ್ನು ಶಪಿಸಬಾರದು ಎನ್ನುವ ಕಡೆ ಬರುವ ಪದದ ಮೂಲದಲ್ಲಿ ‘ಹಗುರ’ ಎಂಬ ಅರ್ಥವಿದೆ. ಕನ್ನಡದಲ್ಲೂ ನಾವು ‘ತೂಕದ ಮಾತು’ ಎನ್ನುತ್ತೇವೆ, ‘ಹಗುರವಾಗಿ ಕಾಣಬೇಡ’ ಎನ್ನುತ್ತೇವೆ. ಈ ಆಜ್ಞೆಯನ್ನು ನಾವು ಧರ್ಮೋಪದೇಶದ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಕಲಿಸುತ್ತೇವೆ, ಸರಿ. ಆದರೆ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಇದೇ ಆಜ್ಞೆಯನ್ನು ಎತ್ತಿಕೊಂಡು ಯಾರನ್ನು ಗದರಿಸುತ್ತಾರೆ ನೋಡಿ. ಬೆಳೆದ ಮಕ್ಕಳು ಕಾಣಿಕೆಯ ನೆಪ ಹೇಳಿ ಹೆತ್ತವರ ಕೈಬಿಡಲು ದಾರಿ ಮಾಡಿಕೊಟ್ಟ ಫರಿಸಾಯರನ್ನೂ ಧರ್ಮಶಾಸ್ತ್ರಿಗಳನ್ನೂ. ದುಡಿಯುವ, ನಿರ್ಧರಿಸುವ, ಮನೆ ನಡೆಸುವ ನಮಗೇ ಈ ಆಜ್ಞೆ ಮೊದಲು ಅನ್ವಯಿಸುತ್ತದೆ.

ಹಾಗಾದರೆ ಬೆಳೆದ ಮಗಳು ತಾಯಿಗೆ ತೂಕ ಕೊಡುವುದು ಹೇಗೆ?

ಹೊಗಳಿಕೆಯೊಳಗಿನ ಅಪಾಯ

‘ನಾವೆಲ್ಲ ಉಂಡ ಮೇಲೆ ಅಮ್ಮ ಉಣ್ಣುತ್ತಿದ್ದಳು. ತನಗೆಂದು ಒಂದು ಸೀರೆ ಕೇಳಿದವಳಲ್ಲ. ಯಾವತ್ತೂ ಬೇಡ ಎಂದವಳಲ್ಲ.’ ಎಷ್ಟೋ ಮನೆಗಳಲ್ಲಿ ಇದು ಅಕ್ಷರಶಃ ಸತ್ಯ. ಆದರೆ ಈ ಹೊಗಳಿಕೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಅಮ್ಮ ಕೇಳಲಿಲ್ಲ, ನಿಜ. ನಿನಗೇನು ಬೇಕು ಎಂದು ಅಮ್ಮನನ್ನು ಯಾರಾದರೂ ಕೇಳಿದ್ದರೇ? ಅಮ್ಮ ಕೊನೆಯಲ್ಲಿ ಉಂಡಳು, ನಿಜ. ಪಾತ್ರೆಯಲ್ಲಿ ಅಮ್ಮನಿಗೆ ಉಳಿದಿದೆಯೇ ಎಂದು ಯಾರಾದರೂ ಇಣುಕಿ ನೋಡಿದ್ದರೇ?

ತ್ಯಾಗ ದೊಡ್ಡದು. ಕ್ರೈಸ್ತರಾದ ನಾವು ಅದನ್ನು ಚಿಕ್ಕದು ಮಾಡಲಾರೆವು. ಆದರೆ ಸಂತ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾವಾಗಿಯೇ ಅದನ್ನು ಕೊಡುತ್ತೇವೆ ಎಂದು ಸ್ಪಷ್ಟಪಡಿಸುತ್ತಾರೆ. ತಾನಾಗಿ ಕೊಟ್ಟರೆ ತ್ಯಾಗ. ಕೊಡಲೇಬೇಕೆಂದು ಕಟ್ಟಿಹಾಕಿ ಪಡೆದರೆ ಅದಕ್ಕೆ ಬೇರೆ ಹೆಸರು. ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದವಳ ‘ಹೂಂ’ಗೆ ಎಷ್ಟು ಬೆಲೆ? ‘ನಮ್ಮಮ್ಮ ಏನನ್ನೂ ಬೇಡ ಎನ್ನುವುದಿಲ್ಲ’ ಎಂಬ ಹೊಗಳಿಕೆ, ತಿಳಿದೋ ತಿಳಿಯದೆಯೋ, ಆಕೆಯ ಹೆಗಲಿಗೆ ಇನ್ನೊಂದು ಹೊರೆ ಏರಿಸುವ ಹಗ್ಗವಾಗಬಹುದು.

ತಾಯಂದಿರ ದಿನದ ಚರಿತ್ರೆಯೇ ಇದಕ್ಕೊಂದು ಪಾಠ. ಅಮೆರಿಕದ ಪಶ್ಚಿಮ ವರ್ಜೀನಿಯ ರಾಜ್ಯದಲ್ಲಿ ಆನ್ ರೀವ್ಸ್ ಜಾರ್ವಿಸ್ ಎಂಬ ತಾಯಿ ಇದ್ದರು. ಹೆತ್ತ ಮಕ್ಕಳಲ್ಲಿ ಹೆಚ್ಚಿನವರನ್ನು ಎಳವೆಯಲ್ಲೇ ಕಳೆದುಕೊಂಡವರು. ಆ ದುಃಖದಲ್ಲಿ ಕುಳಿತುಬಿಡದೆ ಊರೂರಿನ ತಾಯಂದಿರ ಸಂಘಗಳನ್ನು ಕಟ್ಟಿದರು. ಮನೆಗಳ ಸ್ವಚ್ಛತೆ, ಮಕ್ಕಳು ಕುಡಿಯುವ ಹಾಲಿನ ತಪಾಸಣೆ, ಬಡ ರೋಗಿಗಳಿಗೆ ಔಷಧಿ, ಇವೇ ಆ ಸಂಘಗಳ ಕೆಲಸ. ಅಂತರ್ಯುದ್ಧ ಬಂದಾಗ ಆ ಹೆಂಗಸರು ಎರಡೂ ಪಕ್ಷಗಳ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. 1905ರಲ್ಲಿ ಆಕೆ ತೀರಿಕೊಂಡಾಗ ಮಗಳು ಆ್ಯನ ಜಾರ್ವಿಸ್ ನಲವತ್ತು ದಾಟಿದ್ದರು. 1908ರ ಮೇ 10ರಂದು ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ತಾಯಿಯ ನೆನಪಿಗೆ ಆರಾಧನೆ ನಡೆಯುವಂತೆ ಮಾಡಿ, ತಾಯಿಗೆ ಇಷ್ಟವಾಗಿದ್ದ ಬಿಳಿ ಕಾರ್ನೇಷನ್ ಹೂಗಳನ್ನು ಐದುನೂರು ಕಳಿಸಿಕೊಟ್ಟರು. 1914ರಲ್ಲಿ ಅಮೆರಿಕದ ಅಧ್ಯಕ್ಷರು ಆ ದಿನವನ್ನು ದೇಶಕ್ಕೇ ಸಾರಿದರು.

ಎಂತಹ ಪ್ರೀತಿ! ಆದರೆ ಆ ಹಬ್ಬ ಹರಡುತ್ತಾ ಹೋದಂತೆ ಏನಾಯಿತು? ಊರಿನ ಆರೋಗ್ಯಕ್ಕಾಗಿ ದುಡಿದ, ಶತ್ರುಗಳ ನಡುವೆ ಸಂಧಾನಕ್ಕೆ ನಿಂತ ಆ ಹೆಂಗಸು ಮರೆಯಾದರು. ಮನೆಯ ಮೂಲೆಯಲ್ಲಿ ಮಕ್ಕಳಿಗಾಗಿ ಕಾದು ಕುಳಿತ ಒಬ್ಬ ಸಾಮಾನ್ಯ ‘ಅಮ್ಮ’ ಮಾತ್ರ ಉಳಿದರು. ಹೂವಿನ ಅಂಗಡಿ, ಮಿಠಾಯಿ ಅಂಗಡಿ, ಅಚ್ಚುಹಾಕಿದ ಕಾರ್ಡುಗಳು ಆ ದಿನವನ್ನು ಆವರಿಸಿದವು. ಅದನ್ನು ಕಂಡು ಬೇಸತ್ತ ಮಗಳು, ಅಚ್ಚಿನ ಕಾರ್ಡಿಗಿಂತ ಕೈಬರಹದ ಕಾಗದವೇ ಮೇಲೆಂದು ವಾದಿಸುತ್ತಾ, ತಾನೇ ಹುಟ್ಟಿಸಿದ ಹಬ್ಬದ ವ್ಯಾಪಾರದ ವಿರುದ್ಧ ಬಾಳಿನುದ್ದಕ್ಕೂ ಹೋರಾಡಿ 1948ರಲ್ಲಿ ತೀರಿಕೊಂಡರು. ತಾಯಿಯ ಮುಖ ಮರೆತ ಹೊಗಳಿಕೆ ಯಾರ ತಾಯಿಗಾದರೂ ಹೊಂದುತ್ತದೆ. ಆದ್ದರಿಂದಲೇ ಅದನ್ನು ಅಂಗಡಿಯಲ್ಲಿ ಮಾರಬಹುದು.

ನಾಲ್ಕು ಪುಟದ ಹೊಗಳಿಕೆ

ಇದು ದೂರದ ಮಾತಾಯಿತು. ಹತ್ತಿರದ್ದೊಂದನ್ನು ಹೇಳುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಸುಮಾರು ನಲವತ್ತು ವರ್ಷದ ಒಬ್ಬ ಮಗಳು ನನ್ನ ಬಳಿಗೆ ಬಂದರು. ಬೆಂಗಳೂರಿನಲ್ಲಿ ಗಂಡಹೆಂಡತಿ ಇಬ್ಬರಿಗೂ ನೌಕರಿ, ಎರಡು ಸಣ್ಣ ಮಕ್ಕಳು. ವಿಧವೆಯಾದ ತಾಯಿ ಊರಿನಲ್ಲಿ ಒಬ್ಬರೇ. ತಾಯಿಗೆ ಎಪ್ಪತ್ತು ತುಂಬುವ ದಿನ ಪೂಜೆಯಾದ ಮೇಲೆ ಓದಲೆಂದು ನಾಲ್ಕು ಪುಟ ಬರೆದು ತಂದಿದ್ದರು. “ಸ್ವಲ್ಪ ತಿದ್ದಿಕೊಡಿ ಫಾದರ್” ಎಂದರು.

ಓದಿದೆ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಿದ್ದ ಅಮ್ಮ, ಹಾಲು ಮೊಟ್ಟೆ ಮಾರಿ ಫೀಸು ಕಟ್ಟಿದ ಅಮ್ಮ, ಟೈಫಾಯಿಡ್ ಬಂದಾಗ ಪಕ್ಕ ಬಿಟ್ಟು ಏಳದ ಅಮ್ಮ, ಹಾಸ್ಟೆಲಿಗೆ ಸೇರಿಸಲು ಕಿವಿಯ ಓಲೆ ಮಾರಿದ ಅಮ್ಮ. ಎಲ್ಲವೂ ನಿಜ, ಎಲ್ಲವೂ ಮನಸ್ಸು ಕರಗಿಸುವಂಥದ್ದು. ಕೊನೆಯ ಸಾಲು ಹೀಗಿತ್ತು: ಇನ್ನು ಮುಂದೆ ಅಮ್ಮ ಊರಿನ ಮನೆ ಮುಚ್ಚಿ ನಮ್ಮೊಂದಿಗೇ ಇರುತ್ತಾರೆ, ನಮ್ಮನ್ನು ಬೆಳೆಸಿದ ಕೈಗಳೇ ನಮ್ಮ ಮಕ್ಕಳನ್ನೂ ಬೆಳೆಸುತ್ತವೆ.

“ಅಮ್ಮ ಒಪ್ಪಿದ್ದಾರಾ?” ಎಂದು ಕೇಳಿದೆ.

“ಅಮ್ಮ ಯಾವತ್ತು ಬೇಡ ಅಂದಿದ್ದಾರೆ ಫಾದರ್?” ಎಂದರು. ಹಾಗೆಂದವರು ತಾವೇ ಒಂದು ಕ್ಷಣ ಸುಮ್ಮನಾದರು.

ಭಾಷೆಯಲ್ಲಿ ತಿದ್ದುವುದೇನೂ ಇಲ್ಲ, ಆದರೆ ‘ನನಗೆ’, ‘ನಮಗೆ’ ಎಂಬ ಮಾತು ಎಷ್ಟು ಸಾಲುಗಳಲ್ಲಿ ಬಂದಿದೆ ನೋಡಿ ಎಂದೆ. ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ ಇತ್ತು. ಮತ್ತೆ ಕೆಲವು ಪ್ರಶ್ನೆಗಳನ್ನು ಕೇಳಿದೆ. ಇಪ್ಪತ್ತು ವರ್ಷದವರಿದ್ದಾಗ ನಿಮ್ಮ ತಾಯಿಗೆ ಏನಾಗಬೇಕೆಂಬ ಆಸೆ ಇತ್ತು? ಅವರ ಆಪ್ತ ಗೆಳತಿ ಯಾರು? ದೇವಾಲಯದಲ್ಲಿ ಯಾವ ಹಾಡು ಬಂದರೆ ಅವರು ದನಿ ಎತ್ತಿ ಹಾಡುತ್ತಾರೆ? ಬೆಂಗಳೂರಿಗೆ ಹೊರಟರೆ ಅವರು ಏನನ್ನು ಬಿಟ್ಟು ಬರಬೇಕು? ಗೆಳತಿಯ ಹೆಸರನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅವರಲ್ಲಿ ಉತ್ತರವಿರಲಿಲ್ಲ.

ಮಗಳು ಊರಿಗೆ ಹೋಗಿ ಎರಡು ದಿನ ತಾಯಿಯ ಜೊತೆ ಇದ್ದರು. ಕೇಳಿದರೆ ತಾಯಿ ಮೊದಲು ನಕ್ಕುಬಿಟ್ಟರಂತೆ. “ಈಗ್ಯಾಕೆ ಅದೆಲ್ಲ? ಹಾಲು ಉಕ್ಕುತ್ತೆ ನೋಡು.” ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕುಳಿತಾಗ ಒಂದೊಂದಾಗಿ ಹೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಬಂದಿತ್ತು, ಟೀಚರ್ ಟ್ರೈನಿಂಗಿಗೆ ಸೀಟೂ ಸಿಕ್ಕಿತ್ತು. ಅದೇ ವರ್ಷ ಅವರ ತಾಯಿ ಹಾಸಿಗೆ ಹಿಡಿದರು. ತಮ್ಮತಂಗಿಯರನ್ನು ನೋಡುವವರು ಬೇರೆ ಇರಲಿಲ್ಲ. ಸೀಟಿನ ಆ ಕಾಗದ ಇನ್ನೂ ಟ್ರಂಕಿನ ತಳದಲ್ಲಿತ್ತು. ಈಗ ವಾರಕ್ಕೆರಡು ಸಂಜೆ ಅಕ್ಕಪಕ್ಕದ ಹೆಂಗಸರು ಅವರ ಜಗಲಿಗೆ ಬರುತ್ತಾರೆ. ಅವರಿಗೆ ಪಿಂಚಣಿ ಅರ್ಜಿ, ಬ್ಯಾಂಕಿನ ಚೀಟಿ ತುಂಬಿಕೊಡುತ್ತಾರೆ, ಇಬ್ಬರಿಗೆ ಅಕ್ಷರ ಕಲಿಸುತ್ತಿದ್ದಾರೆ. ‘ಅಮ್ಮ ಹೊತ್ತು ಕಳೆಯಲು ಏನೋ ಮಾಡಿಕೊಂಡಿರುತ್ತಾರೆ’ ಎಂದು ಮಗಳು ಇಷ್ಟು ವರ್ಷ ತಿಳಿದದ್ದು ಇದನ್ನೇ. ಐವತ್ತು ವರ್ಷದ ಹಿಂದೆ ಕೈತಪ್ಪಿದ ಶಾಲೆಯನ್ನು ಆ ತಾಯಿ ತಮ್ಮ ಜಗಲಿಯಲ್ಲೇ ತೆರೆದಿದ್ದರು.

ಬೆಂಗಳೂರಿನ ಮಾತು ಬಂದಾಗ ತಾಯಿ ಹೇಳಿದರು: “ಮೊಮ್ಮಕ್ಕಳ ಜೊತೆ ಇರೋ ಆಸೆ ಇದೆ ಕಣೇ. ಆದರೆ ಇದನ್ನೆಲ್ಲ ಬಿಟ್ಟು ಪೂರ್ತಿ ಬಂದುಬಿಡೋಕೆ ಮನಸ್ಸಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ.”

ಮಗಳಿಗೆ ನಿಜಕ್ಕೂ ಬೇಜಾರಾಯಿತು. ಅದನ್ನು ಮುಚ್ಚಿಡುವುದು ಬೇಡ. ಮಕ್ಕಳನ್ನು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಬೇಕು, ಖರ್ಚು ಹೆಚ್ಚುತ್ತದೆ, ಗಂಡನೂ ತನ್ನ ಕೆಲಸದ ವೇಳೆ ಬದಲಾಯಿಸಿಕೊಳ್ಳಬೇಕು. ತಾಯಿಗೆ ತೂಕ ಕೊಟ್ಟರೆ ಆ ತೂಕ ನಮ್ಮ ಕೈಗೆ ಬಂದೇ ಬರುತ್ತದೆ. ಕೊನೆಗೆ ಅವರು ಹೊಂದಿಕೊಂಡರು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು, ಕ್ರಿಸ್ಮಸ್ಸಿಗೆ ಹತ್ತು ದಿನ ತಾಯಿ ಬೆಂಗಳೂರಿಗೆ ಬರುವುದು, ಉಳಿದಂತೆ ಮಗಳೇ ಊರಿಗೆ ಹೋಗಿಬರುವುದು ಎಂದಾಯಿತು. ಹುಟ್ಟುಹಬ್ಬದ ದಿನ ನಾಲ್ಕು ಪುಟ ಒಂದೇ ಪುಟವಾಗಿತ್ತು. ಆ ಒಂದು ಪುಟದಲ್ಲಿ ಜಗಲಿಯ ಶಾಲೆ ಇತ್ತು, ಟ್ರಂಕಿನ ಕಾಗದ ಇತ್ತು, ತಾಯಿಯ ಹೆಸರಿತ್ತು. ಓದಿ ಮುಗಿಸಿದ ಮೇಲೆ ತಾಯಿ ಆ ಹಾಳೆಯನ್ನು ಕೇಳಿ ಪಡೆದು, ತಾವೇ ಇನ್ನೊಮ್ಮೆ ಓದಿಕೊಂಡು, ಮಡಿಸಿ ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡರು.

ಪ್ರಭುವಿನ ಉತ್ತರ

ಲೂಕನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಘಟನೆ ಬರುತ್ತದೆ. ಜನರ ಗುಂಪಿನಿಂದ ಒಬ್ಬ ಸ್ತ್ರೀ ದನಿ ಎತ್ತಿ, ಯೇಸುವನ್ನು ಹೊತ್ತ ಗರ್ಭವೂ ಹಾಲೂಡಿಸಿದ ಮೊಲೆಗಳೂ ಎಷ್ಟು ಧನ್ಯವೆಂದು ಕೊಂಡಾಡುತ್ತಾಳೆ. ಯೇಸುಸ್ವಾಮಿ ಆ ಮಾತನ್ನು ಅಲ್ಲಿಗೇ ಬಿಡುವುದಿಲ್ಲ. ದೇವರ ವಾಕ್ಯವನ್ನು ಕೇಳಿ ಅದರಂತೆ ನಡೆಯುವವರೇ ಧನ್ಯರೆಂದು ಉತ್ತರಿಸುತ್ತಾರೆ.

ಇದು ಮಾತೆ ಮರಿಯಮ್ಮನವರನ್ನು ತಗ್ಗಿಸಿದ ಮಾತೇ? ಅಲ್ಲ ಎಂದು ಸಂತ ಅಗಸ್ಟೀನರು ಹಿಂದೆಯೇ ವಿವರಿಸಿದ್ದಾರೆ. ಮರಿಯಮ್ಮನವರು ಪ್ರಭುವನ್ನು ಗರ್ಭದಲ್ಲಿ ಹೊರುವ ಮೊದಲೇ ವಿಶ್ವಾಸದಿಂದ ಹೃದಯದಲ್ಲಿ ಧರಿಸಿದ್ದರು ಎಂಬುದು ಅವರ ಬೋಧನೆಯ ತಿರುಳು. ಗುಂಪಿನಲ್ಲಿದ್ದ ಆ ಹೆಣ್ಣು ತಾಯಿಯ ಒಡಲನ್ನು ಕಂಡಳು. ಮಗ ತಾಯಿಯ ಆತ್ಮವನ್ನು ಕಂಡರು. ಕೇಳಿದವಳು, ಯೋಚಿಸಿದವಳು, ಪ್ರಶ್ನಿಸಿದವಳು, ಒಪ್ಪಿಗೆ ಕೊಟ್ಟವಳು ಎಂದು ಕಂಡರು. ಗಬ್ರಿಯೇಲ ದೂತನು ಬಂದಾಗ ದೇವರೂ ಮರಿಯಮ್ಮನವರ ಒಪ್ಪಿಗೆಗೆ ಕಾದರೆಂದು ನಾವು ನಂಬುತ್ತೇವೆ. ದೇವರೇ ಕಾದ ಮೇಲೆ ಮಕ್ಕಳಾದ ನಾವು ನಮ್ಮ ಅಮ್ಮನ ಒಪ್ಪಿಗೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಸರಿಯೇ?

ಕಾಗದಗಳಲ್ಲಿ ಸಿಕ್ಕ ತಾಯಿ

ಬಾಲ ಯೇಸುವಿನ ಸಂತ ತೆರೇಸಮ್ಮನವರ ಚಿತ್ರ ನಮ್ಮ ಎಷ್ಟೋ ಮನೆಗಳಲ್ಲಿದೆ. ಅವರ ತಾಯಿ ಝೆಲಿ ಮಾರ್ಟಿನ್ ಅವರನ್ನು 2015ರ ಅಕ್ಟೋಬರ್ 18ರಂದು ಆಗಿನ ಪೋಪ್ ಫ್ರಾನ್ಸಿಸ್ ಅವರು ಪತಿ ಲೂಯಿ ಅವರೊಂದಿಗೆ ಸಂತರ ಸಾಲಿಗೆ ಸೇರಿಸಿದರು. ಝೆಲಿ ತೀರಿಕೊಂಡದ್ದು 1877ರ ಆಗಸ್ಟ್ 28ರಂದು, ಸ್ತನದ ಕ್ಯಾನ್ಸರಿನಿಂದ, 45ನೆಯ ವಯಸ್ಸಿನಲ್ಲಿ. ಆಗ ತೆರೇಸಳಿಗೆ ನಾಲ್ಕೂವರೆ ದಾಟಿತ್ತು, ಅಕ್ಕ ಸೆಲೀನಳಿಗೆ ಎಂಟು. ಇಷ್ಟು ಚಿಕ್ಕವರು ದೊಡ್ಡವರಾದ ಮೇಲೆ ತಾಯಿಯನ್ನು ಅರಿತದ್ದು ಹೇಗೆ?

ಕಾಗದಗಳಿಂದ. ಝೆಲಿ ತಮ್ಮ ಸಹೋದರನಿಗೆ, ನಾದಿನಿಗೆ, ವಸತಿಶಾಲೆಯಲ್ಲಿದ್ದ ಹಿರಿಯ ಹೆಣ್ಣುಮಕ್ಕಳಿಗೆ ಬರೆದ ಇನ್ನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. 1895ರಲ್ಲಿ ಕಾರ್ಮೆಲ್ ಮಠದಲ್ಲಿ ತೆರೇಸಮ್ಮ ತಮ್ಮ ಬಾಲ್ಯದ ಕಥೆ ಬರೆಯಲು ಕುಳಿತಾಗ ತಾಯಿಯ ಆ ಕಾಗದಗಳನ್ನು ಮುಂದಿಟ್ಟುಕೊಂಡೇ ಬರೆದರು. ಸೆಲೀನ್ ಸುಮಾರು ಎಪ್ಪತ್ತೈದು ವರ್ಷ ತಾಯಿಯ ನೆನಪನ್ನು ಹೊತ್ತು, ಎಂಬತ್ತು ದಾಟಿದ ಮೇಲೆ, 1950ರ ದಶಕದಲ್ಲಿ ತಾಯಿಯ ಕುರಿತು ಒಂದು ಪುಸ್ತಕವನ್ನೇ ಬರೆದರು.

ಆ ಕಾಗದಗಳಲ್ಲಿ ಸಿಗುವ ತಾಯಿ ಮೇಣದ ಬೊಂಬೆಯಲ್ಲ. ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಲೇಸ್ ವ್ಯಾಪಾರವನ್ನು ತಾವೇ ಕಟ್ಟಿ ನಡೆಸಿದ ಹೆಂಗಸು. ಆ ಊರಿನ ಲೇಸನ್ನು ಸೂಜಿಯಿಂದ ಹೆಣೆಯುತ್ತಾರೆ. ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆಯ ಕೆಲಸ ಬೇಕು. 2010ರಲ್ಲಿ ಯುನೆಸ್ಕೋ ಆ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ಹೆಂಗಸರು ಹೆಣೆದು ತಂದ ತುಂಡುಗಳನ್ನು ಜೋಡಿಸಿದ್ದೇ ತಿಳಿಯದಂತೆ ಜೋಡಿಸುವ ಕಷ್ಟದ ಕೆಲಸ ಝೆಲಿಯವರದು. 1870ರಲ್ಲಿ ಗಂಡನೇ ತನ್ನ ಗಡಿಯಾರದ ಅಂಗಡಿಯನ್ನು ಬಿಟ್ಟು ಹೆಂಡತಿಯ ವ್ಯಾಪಾರಕ್ಕೆ ಜೊತೆಯಾದರು. ಕೆಲಸದ ಹೊರೆಯ ಬಗ್ಗೆ ಝೆಲಿ ಕಾಗದಗಳಲ್ಲಿ ಗೊಣಗುತ್ತಾರೆ, ದಣಿವನ್ನು ಹೇಳಿಕೊಳ್ಳುತ್ತಾರೆ, ನಗಿಸುತ್ತಾರೆ, ತೀರಿಹೋದ ನಾಲ್ಕು ಮಕ್ಕಳಿಗಾಗಿ ಅಳುತ್ತಾರೆ.

ಸೋಲನ್ನೂ ಬರೆಯುತ್ತಾರೆ. ಮೂರನೆಯ ಮಗಳು ಲಿಯೋನಿಯನ್ನು ಮನೆಯ ಕೆಲಸದಾಕೆ ಹೆದರಿಸಿ ಅಂಕೆಯಲ್ಲಿಟ್ಟುಕೊಂಡಿದ್ದಳು. ಒಂದೇ ಸೂರಿನಡಿ ಇದ್ದೂ ತಾಯಿಗೆ ಅದು ತಿಳಿದದ್ದು 1877ರಲ್ಲಿ, ತಾವು ಸಾಯುವ ವರ್ಷ. ಹೆಣ್ಣುಮಕ್ಕಳು ಇದನ್ನು ಮುಚ್ಚಿಡಲಿಲ್ಲ. ಇಂತಹ ತಾಯಿಯನ್ನೇ ಅವರು ಮೆಚ್ಚಿದರು, ಇಂತಹ ತಾಯಿಯನ್ನೇ ಧರ್ಮಸಭೆ ಸಂತಳೆಂದು ಸಾರಿತು. ತಪ್ಪಿಲ್ಲದ ತಾಯಿಯನ್ನು ಪೂಜಿಸುವುದು ಸುಲಭ. ಅಂತಹವರು ನಮ್ಮ ಕಲ್ಪನೆಯಲ್ಲಿ ಮಾತ್ರ ಇರುತ್ತಾರೆ. ನಿಜವಾದ ತಾಯಿಯನ್ನು ಅರಿತು ಮೆಚ್ಚುವುದೇ ಗೌರವ.

ಗಾಯಗೊಂಡವರಿಗೆ ಒಂದು ಮಾತು

ಈ ಲೇಖನವನ್ನು ಓದುತ್ತಾ ಯಾರೋ ಒಬ್ಬ ಮಗಳು ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟಿರಬಹುದು. ‘ನನ್ನ ತಾಯಿ ಹೀಗಿರಲಿಲ್ಲ ಫಾದರ್’ ಎಂದು ಮನಸ್ಸಿನಲ್ಲೇ ಹೇಳಿಕೊಂಡಿರಬಹುದು. ತಮ್ಮನಿಗೆ ಹಾಲು, ತನಗೆ ನೀರುಮಜ್ಜಿಗೆ ಕೊಟ್ಟ ತಾಯಿ. ಮಾತಿನಿಂದಲೇ ಚುಚ್ಚಿದ ತಾಯಿ. ಹೊಡೆಯುವಾಗ ಅಳತೆ ತಪ್ಪಿದ ತಾಯಿ. ಅಂತಹ ಮಗಳಿಗೆ ತಾಯಂದಿರ ದಿನ ನೋವಿನ ದಿನ.

ಅಕ್ಕಾ, ಇಲ್ಲದ್ದನ್ನು ಇತ್ತು ಎನ್ನುವಂತೆ ನಾಲ್ಕನೆಯ ಆಜ್ಞೆ ನಿಮಗೆ ಹೇಳುವುದಿಲ್ಲ. ಸುಳ್ಳು ಹೇಳಬೇಡ ಎಂಬ ಆಜ್ಞೆಯೂ ಅದೇ ದೇವರದು. ಝೆಲಿಯವರ ಬಾಲ್ಯವೂ ಸುಖದ್ದಾಗಿರಲಿಲ್ಲ. ತಾಯಿ ಬಹಳ ಕಟ್ಟುನಿಟ್ಟಿನವರು. ಆಡಲು ಒಂದು ಬೊಂಬೆಯನ್ನೂ ಕೊಡಿಸಲಿಲ್ಲ. ದೊಡ್ಡವರಾದ ಮೇಲೆ ಝೆಲಿ ಅದನ್ನು ಸಹೋದರನಿಗೆ ಇದ್ದಹಾಗೆಯೇ ಬರೆದರು. ನೋವನ್ನು ನೋವೆಂದೇ ಕರೆದರು, ಆದರೆ ಅದನ್ನು ತಮ್ಮ ಹೆಣ್ಣುಮಕ್ಕಳಿಗೆ ದಾಟಿಸಲಿಲ್ಲ. ತಾಯಿ ನಮಗೆ ಮಾಡಿದ್ದನ್ನು ಸತ್ಯವಾಗಿ ತೂಗುವುದು, ಆಕೆ ತಾನೂ ಯಾರ ಕೈಯಲ್ಲಿ ಏನು ಅನುಭವಿಸಿದಳೆಂದು ವಿಚಾರಿಸುವುದು, ದ್ವೇಷಕ್ಕೆ ಜಾಗ ಕೊಡದಿರುವುದು, ನಮ್ಮಲ್ಲಿಗೆ ಬಂದ ನೋವು ನಮ್ಮಲ್ಲೇ ನಿಲ್ಲುವಂತೆ ಮಾಡುವುದು, ಇವೂ ತೂಕ ಕೊಡು ಎಂಬ ಆಜ್ಞೆಯ ಪಾಲನೆಯೇ. ಇದಕ್ಕೆ ಸಮಯ ಬೇಕು. ಕೆಲವೊಮ್ಮೆ ಸ್ವಲ್ಪ ದೂರ ಇರುವುದೂ ಬೇಕಾಗುತ್ತದೆ.

ನಾವೇನು ಮಾಡಬಹುದು?

ಮೊದಲನೆಯದು, ಕೇಳೋಣ. ‘ಊಟ ಆಯಿತಾ, ಮಾತ್ರೆ ತೆಗೆದುಕೊಂಡೆಯಾ’ ಎಂಬ ಫೋನಿನ ಪ್ರಶ್ನೆಗಳು ಬೇಕು, ಆದರೆ ಸಾಲವು. ನೀನು ಹುಡುಗಿಯಾಗಿದ್ದಾಗ ಹೇಗಿದ್ದೆ, ಯಾವುದಕ್ಕೆ ಹೆದರುತ್ತಿದ್ದೆ, ಈಗ ಏನು ಮಾಡಬೇಕೆಂಬ ಆಸೆ ಇದೆ ಎಂದು ಕೇಳೋಣ. ಮೊದಲ ಸಲ ಅಮ್ಮ ನಕ್ಕು ಮಾತು ಮರೆಸಬಹುದು. ಎರಡನೆಯ ಸಲ ಅಕ್ಕಿ ಆರಿಸಲು ಜೊತೆಗೆ ಕುಳಿತು ಕೇಳೋಣ.

ಎರಡನೆಯದು, ಬೇಡ ಎನ್ನಲು ಬಿಡೋಣ. ಮೊಮ್ಮಕ್ಕಳನ್ನು ನೋಡುವುದು, ಆಸ್ತಿ ಹಂಚುವುದು, ಮನೆ ಬಿಡುವುದು, ಚಿಕಿತ್ಸೆ ಪಡೆಯುವುದು, ಇಂತಹ ವಿಷಯಗಳಲ್ಲಿ ನಿರ್ಧರಿಸಿ ತಿಳಿಸುವುದನ್ನು ಬಿಟ್ಟು, ನಿರ್ಧರಿಸುವ ಮೊದಲು ಅಮ್ಮನ ಮಾತು ಕೇಳೋಣ. ಆಕೆ ಒಪ್ಪಿದರೆ ಅದು ಆಗ ನಿಜವಾದ ಕೊಡುಗೆ.

ಮೂರನೆಯದು, ಮೆಚ್ಚುಗೆಯನ್ನು ಬದುಕಿರುವಾಗಲೇ, ಆಕೆಯ ಹೆಸರು ಹಿಡಿದು, ಆಕೆಗೇ ಹೇಳೋಣ. ಶವಪೆಟ್ಟಿಗೆಯ ಮುಂದೆ ಹೇಳಿದ್ದು ನಮ್ಮ ಸಮಾಧಾನಕ್ಕೆ ಒದಗುತ್ತದೆ. ಅಡುಗೆಮನೆಯಲ್ಲಿ ಹೇಳಿದ್ದು ಆಕೆಗೆ ಸಲ್ಲುತ್ತದೆ. ತಾಯಿ ಈಗಾಗಲೇ ತೀರಿಕೊಂಡಿದ್ದರೆ ಎದೆಗುಂದಬೇಕಾಗಿಲ್ಲ. ಚಿಕ್ಕಮ್ಮ ದೊಡ್ಡಮ್ಮಂದಿರು ಇನ್ನೂ ಇರಬಹುದು, ಒಂದು ಹಳೆಯ ಟ್ರಂಕು ಇರಬಹುದು. ನವೆಂಬರ್ 2ರಂದು ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುವಾಗ ನಮ್ಮ ಮಕ್ಕಳಿಗೆ ‘ಅಜ್ಜಿ ನಮಗೆ ಏನು ಮಾಡಿದರು’ ಎಂಬುದರ ಜೊತೆಗೆ ‘ಅಜ್ಜಿ ಎಂತಹವರು’ ಎಂಬುದನ್ನೂ ಹೇಳೋಣ.

ಗಂಡುಮಕ್ಕಳೇ, ಈ ಪುಟ ನಿಮಗಲ್ಲ ಎಂದುಕೊಳ್ಳಬೇಡಿ. ಅಮ್ಮನನ್ನು ಅರಿಯುವ ಕೆಲಸವನ್ನು ಅಕ್ಕತಂಗಿಯರಿಗೂ ಹೆಂಡತಿಗೂ ವಹಿಸಿ ನಾವು ಹೂಮಾಲೆ ತಂದರೆ ಸಾಲದು.

ಶಿಲುಬೆಯ ಮೇಲೆ ಉಸಿರು ಕಟ್ಟುತ್ತಿದ್ದಾಗ ಯೇಸುಸ್ವಾಮಿ ತಮ್ಮ ತಾಯಿಯ ಗುಣಗಾನ ಮಾಡಲಿಲ್ಲ. ಆಕೆಯನ್ನು ನೋಡಿದರು. ಇನ್ನು ಮುಂದೆ ಆಕೆ ಯಾರ ಮನೆಯಲ್ಲಿ, ಯಾರ ಜೊತೆ ಇರಬೇಕು ಎಂದು ಯೋಚಿಸಿ ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ಅಷ್ಟು ನೋವಿನ ನಡುವೆಯೂ ಎದುರಿಗೆ ನಿಂತವಳ ಬಾಳು ಅವರ ಕಣ್ಣಿಗೆ ಬಿದ್ದಿತು. ನಾವು ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ಅಮ್ಮನ ಪಕ್ಕದಲ್ಲಿ ಅರ್ಧ ಗಂಟೆ ಕೂರೋಣ. ಅಮ್ಮ ದೂರದಲ್ಲಿದ್ದರೆ ಫೋನ್ ಮಾಡೋಣ. ಹೊಗಳುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದೇ ಒಂದು ಪ್ರಶ್ನೆ ಕೇಳೋಣ, ಉತ್ತರ ಮುಗಿಯುವವರೆಗೂ ಸುಮ್ಮನೆ ಕೇಳಿಸಿಕೊಳ್ಳೋಣ.